ಜನಾರ್ದನ ಸರ್ ತಿದ್ದಿದ ಮುಖ

ಜನಾರ್ದನ ಸರ್ ನಿವೃತ್ತರಾಗುತ್ತಿದ್ದಾರೆ, ಅವರ ಭಾವಚಿತ್ರ ನೀನೇ ಬರೆದುಕೊಡಬೇಕು ಎಂದು ಅನುಪಮಾ ಫೋನ್ ಮಾಡಿದಾಗ ನಾನು ಹಿಂದೆ ಮುಂದೆ ನೋಡದೆ ಒಪ್ಪಿಕೊಂಡೆ. ಅನುಪಮಾ ನನ್ನ ಸಹಪಾಠಿ. ಈಗ ಮಡಿಕೇರಿಯಲ್ಲಿ ನಾವು ಕಲಿತ ಚಿತ್ರಕಲಾ ಶಾಲೆಯಲ್ಲೇ ಪಾಠ ಮಾಡುತ್ತಾಳೆ. ಸರ್ ಈಗ ಅಲ್ಲಿನ ಮುಖ್ಯಸ್ಥರು.

"ಸದ್ಯ, ಹಳೇದೆಲ್ಲ ಮರ್ತುಬಿಟ್ಟಿದ್ದೀಯಲ್ಲ ತೇಜು," ಎಂದಳು.

ಮರೆಯುವುದೇ? ಆ ಮನುಷ್ಯನ ಮುಖ ಎಂದಾದರೂ ನನ್ನ ಕೈಗೆ ಸಿಗಲಿ ಎಂದು ಕಾದು ಕೂತವಳು ನಾನು.

ಶಾಲೆ ಸೇರಿದ ಎರಡನೆಯ ವರ್ಷ ನನಗೆ ನನ್ನದೇ ಒಂದು ಗೆರೆ ಸಿಕ್ಕಿತು. ಕಾಫಿ ಗಿಡದ ಒಣ ಕಡ್ಡಿಯ ತುದಿ ಜಜ್ಜಿ, ಕಪ್ಪು ಮಸಿಯಲ್ಲಿ ಅದ್ದಿ ಎಳೆದರೆ ಗೆರೆ ಒಮ್ಮೆ ದಪ್ಪ, ಒಮ್ಮೆ ತೆಳು, ನಡುವೆ ತುಸು ತಡವರಿಸಿ ಮುಂದೆ ಹೋಗುತ್ತಿತ್ತು. ನೆರಳು ಬೆಳಕಿನ ಗೊಡವೆ ಇಲ್ಲದೆ ಇಡೀ ಮನುಷ್ಯನನ್ನು ಅದರಲ್ಲೇ ಹಿಡಿಯುತ್ತಿದ್ದೆ. ಬೆರಳು ಎಲ್ಲಿ ಬಾಗುತ್ತದೆ, ಕತ್ತು ಭುಜದ ಮೇಲೆ ಹೇಗೆ ಕೂರುತ್ತದೆ ಎಂದು ಕಲಿಸಿದವರು ಜನಾರ್ದನ ಸರ್, ಇಲ್ಲವೆನ್ನಲಾರೆ. ಆದರೆ ಅವರಿಗೊಂದು ಚಟ. ಬೆನ್ನ ಹಿಂದೆ ಬಂದು ನಿಂತು, ಕೈಯಿಂದ ಬ್ರಷ್ ಕಿತ್ತುಕೊಂಡು, ನಮ್ಮ ಚಿತ್ರದ ಮೇಲೇ ತಿದ್ದುತ್ತಿದ್ದರು. ವರ್ಷದ ಕೊನೆಗೆ ಇಡೀ ತರಗತಿಯ ಚಿತ್ರಗಳು ಒಬ್ಬರೇ ಬರೆದ ಹಾಗೆ ಕಾಣುತ್ತಿದ್ದವು.

ಕೊನೆಯ ಪರೀಕ್ಷೆಗೆ ನಾನು ಅಜ್ಜಿಯನ್ನು ಕೂರಿಸಿ ಬರೆದೆ. ಅಜ್ಜಿಯ ಎಡಗಣ್ಣು ಪೊರೆ ಬಂದು ಕುಗ್ಗಿತ್ತು. ಅವಳ ಕೊಂಕು, ನಗು ಎಲ್ಲ ಆ ಕಣ್ಣಲ್ಲೇ ಇತ್ತು.

"ಎಂತದಿದು? ಒಂದು ಕಣ್ಣು ಸಣ್ಣ, ಒಂದು ದೊಡ್ಡ! ಇವಳಿಗೆ ಕಲಿಸಿದ್ದು ಯಾರಪ್ಪ ಅಂತ ಕೇಳ್ತಾರೆ ಜನ," ಎಂದರು ಸರ್. ನಾನು ಬೇಡ ಸರ್ ಎನ್ನುವಷ್ಟರಲ್ಲಿ ಅವರ ಬ್ರಷ್ ಇಳಿದಾಗಿತ್ತು. ಎರಡು ಸಮ ಕಣ್ಣು, ಗುಲಾಬಿ ಕೆನ್ನೆ, ಮೂಗಿನ ಪಕ್ಕ ನಯವಾದ ನೆರಳು. ನನಗೆ ಮೊದಲ ಸ್ಥಾನ ಬಂತು. ಆ ಮಳೆಗಾಲದಲ್ಲೇ ಅಜ್ಜಿ ತೀರಿಕೊಂಡಳು. ನನ್ನ ಬಳಿ ಇರುವ ಅವಳ ಚಿತ್ರ ಅದೊಂದೇ, ಅದರಲ್ಲಿ ಅವಳಿಲ್ಲ. ಅಂದಿನಿಂದ ಆ ಕಡ್ಡಿಯನ್ನು ನಾನು ಕೈಬಿಡಲಿಲ್ಲ, ದ್ವೇಷವನ್ನೂ ಬಿಡಲಿಲ್ಲ.

ಈಗ ಭಾವಚಿತ್ರಕ್ಕೆಂದು ಸರ್ ಶಾಲೆಯ ಹಾಲ್‌ನಲ್ಲಿ ಶಾಲು ಹೊದ್ದು ಕುರ್ಚಿಯಲ್ಲಿ ಕೂತರು. ಅವರ ಸೊಕ್ಕನ್ನೆಲ್ಲ ಗೆರೆಯಲ್ಲಿ ಹಿಡಿದು ಗೋಡೆಗೆ ಮೊಳೆ ಹೊಡೆಯುವುದು ನನ್ನ ಲೆಕ್ಕಾಚಾರ. ಕುರ್ಚಿ ಬಂತು, ಶಾಲು ಬಂತು, ಉಬ್ಬಿದ ನರಗಳ ಕೈಗಳು ಬಂದವು. ಮುಖಕ್ಕೆ ಬಂದಾಗ ಗೆರೆ ನನ್ನ ಮಾತು ಕೇಳಲಿಲ್ಲ. ಸೊಕ್ಕಿನ ಜೊತೆಗೆ ದಣಿವೂ ಬಂತು, ನಾಳೆಯಿಂದ ಯಾರ ಬೆನ್ನ ಹಿಂದೆ ಹೋಗಿ ನಿಲ್ಲಲಿ ಎಂಬ ಹೆದರಿಕೆಯೂ ಬಂತು. ಹಾಳಾದ್ದು, ನಾನು ಈವರೆಗೆ ಬರೆದ ಮುಖಗಳಲ್ಲೇ ಅದು ಒಳ್ಳೆಯದು.

ಸರ್ ಎದ್ದು ಬಂದು ನೋಡಿದರು.

"ನಾನೆಂತ ಹೀಗಾ ಇರೋದು?" ಎಂದರು. ಆಮೇಲೆ ಕೈ ಚಾಚಿದರು. "ಕೊಡು ಇಲ್ಲಿ ಬ್ರಷ್. ಇಷ್ಟು ವರ್ಷ ಆದ್ರೂ ನಿಂಗೆ ಮುಖ ಬರಲಿಲ್ಲ."

ಬೇಡ ಎಂದಿದ್ದರೆ ನಿಲ್ಲುತ್ತಿದ್ದರೇನೋ. ನಾನು ಹೇಳಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಶಾಲೆಯದೇ ಒಂದು ಬ್ರಷ್ ತಂದು, ತಟ್ಟೆಗೆ ಗುಲಾಬಿ ಬಣ್ಣವನ್ನು ಧಾರಾಳವಾಗಿ ಹಿಂಡಿ ಕೊಟ್ಟೆ. ಕಣ್ಣ ಕೆಳಗಿನ ಚೀಲ ಮಾಯವಾಯಿತು, ಕೆನ್ನೆ ತುಂಬಿತು, ಹಣೆ ಹೊಳೆಯಿತು. ನನ್ನ ಒಳ್ಳೆಯ ಕೆಲಸ ಕಣ್ಣೆದುರೇ ಮುಚ್ಚಿಹೋಗುತ್ತಿದ್ದರೆ ಹೊಟ್ಟೆ ಉರಿಯಿತು, ಅದರ ಹಿಂದೆಯೇ ಖುಷಿಯೂ ಆಯಿತು.

ಬೀಳ್ಕೊಡುಗೆಯ ದಿನ ಪರದೆ ಸರಿಸಿದಾಗ ಹಾಲ್ ತುಂಬ ಜನ. ಚಪ್ಪಾಳೆ ಶುರುವಾಗಿ ನಡುವೆಯೇ ತಗ್ಗಿತು. ಜೀವ ತುಂಬಿದ ಕೈ, ಕೂತು ಸವೆದ ಕುರ್ಚಿ. ಅದರ ಮೇಲೆ ಬಟ್ಟೆ ಅಂಗಡಿಯ ಬೊಂಬೆಯ ಮುಖ. ಮುಂದಿನ ಸಾಲಿನಲ್ಲಿದ್ದ, ಸರ್ ಅವರ ಹೆಂಡತಿ ಶ್ರೀಲಕ್ಷ್ಮಿಯಮ್ಮನಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ.

"ಕೈಯೇನೋ ಇವರದ್ದೇ. ಮುಖ ಯಾರದ್ದು?"

ಚಿತ್ರದ ಬಗ್ಗೆ ಎರಡು ಮಾತಾಡಲು ಕೊಟ್ಟಿದ್ದ ಮೈಕ್ ನನ್ನ ಕೈಯಲ್ಲಿತ್ತು. "ಮುಖ ನಾನು ಬರೆದದ್ದಲ್ಲಮ್ಮ. ಸರ್ ಅವರೇ ದೊಡ್ಡ ಮನಸ್ಸು ಮಾಡಿ ತಿದ್ದಿಕೊಟ್ಟರು," ಎಂದೆ. ಹಿಂದಿನ ಸಾಲಿನವರು ಅದನ್ನು ಹೊಗಳಿಕೆಯೆಂದು ತಿಳಿದು ಮತ್ತೆ ಚಪ್ಪಾಳೆ ತಟ್ಟಿದರು. ಹಳೆಯ ವಿದ್ಯಾರ್ಥಿಗಳು ಮಾತ್ರ ತಲೆ ತಗ್ಗಿಸಿ ನಕ್ಕರು. ಅವರ ಚಿತ್ರಗಳ ಮೇಲೂ ಆ ಬ್ರಷ್ ಓಡಾಡಿತ್ತು.

ಊಟಕ್ಕೆ ಎಲ್ಲರೂ ಎದ್ದ ಮೇಲೆ ಸರ್ ನನ್ನ ಪಕ್ಕ ಬಂದರು. ಹಿಂದಿನ ಮುಖ್ಯಸ್ಥರ ಚಿತ್ರಗಳ ಸಾಲಿನಲ್ಲಿ ತಮ್ಮ ಚಿತ್ರವನ್ನು ಕೆಲಸದವರು ಏರಿಸುತ್ತಿರುವುದನ್ನು ನೋಡುತ್ತ ನಿಂತರು. ಅವರ ದನಿ ಇಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲೇ ಇಲ್ಲ.

"ತೇಜಸ್ವಿನಿ, ಮನೆಗೆ ತಗೊಂಡು ಹೋಗಿ ಮುಖ ಇನ್ನೊಂದ್ಸಲ ಬರಿತೀಯಾ? ನಿನ್ನ ಥರನೇ. ಮೊದಲು ಇತ್ತಲ್ಲ, ಅದು."

ಆ ಮುಖ ನನಗೆ ಗೆರೆಗೆರೆಯೂ ನೆನಪಿತ್ತು. ಒಂದು ಮಧ್ಯಾಹ್ನ ಸಾಕಿತ್ತು.

"ನೀವು ತಿದ್ದಿದ ಮೇಲೆ ನಾನು ಕೈ ಹಾಕೋದುಂಟಾ ಸರ್?" ಎಂದು ಹೇಳಿ ಊಟಕ್ಕೆ ಹೋದೆ.