ಉಡಿಯಲ್ಲಿ ಕಡ್ಲೆಪುರಿ

ರಾಜಾಜಿನಗರದ ಆ ನಾಟಕದ ಹಾಲ್ ಎಷ್ಟು ಚಿಕ್ಕದೆಂದರೆ, ವೇದಿಕೆಯ ಮೇಲೆ ಹೀರೋ ಸೀನಿದರೆ ಕೊನೇ ಸಾಲಿನವರು ಮುಖ ಒರೆಸಿಕೊಳ್ಳಬೇಕು. ಅಂಥ ಹಾಲ್‌ನಲ್ಲಿ ಒಂದು ಭಾನುವಾರ ಮಧ್ಯಾಹ್ನ ಹೊಸ ನಾಟಕವೊಂದು ಅರ್ಧಕ್ಕೆ ನಿಂತಿತು. ನಿಲ್ಲಿಸಿದವರು ನಮ್ಮ ಮನೆ ಓನರ್ ಶಾಂತವ್ವ. ತಪ್ಪು ನನ್ನದು.

ನಾನು ಕೃಷ್ಣಯ್ಯ. ಬಸವೇಶ್ವರನಗರದಲ್ಲಿ ಶಾಂತವ್ವನವರ ಮನೆಯ ಹಿಂದಿನ ಪೋರ್ಷನ್‌ನಲ್ಲಿ ಬಾಡಿಗೆಗಿದ್ದೇನೆ. ಟೆಂಪೊ ಓಡಿಸುತ್ತೇನೆ. ನಾಟಕದವರಿಗೆ ಪರದೆ, ಕುರ್ಚಿ ಸಾಗಿಸುತ್ತೇನೆ, ಬೇಕಾದ ಸಾಮಾನು ಹುಡುಕಿಯೂ ಕೊಡುತ್ತೇನೆ. ಒಮ್ಮೆ ಆನೆ ಕೇಳಿದ್ದರು. ಆನೆ ಸಿಕ್ಕಿತು, ಅದು ಹಿಡಿಸುವ ಬಾಗಿಲು ಸಿಗಲಿಲ್ಲ.

ನಾಟಕ ಬರೆದು, ಅದರಲ್ಲಿ ಮುಖ್ಯ ಪಾತ್ರವನ್ನೂ ಮಾಡುತ್ತಿದ್ದವಳು ವಚನಾ, ಶಾಂತವ್ವನವರ ಮಗಳು. ಹುಟ್ಟಿದಾಗ ಮಗನೆಂದು ಬೀದಿಗೆಲ್ಲ ಪೇಡ ಹಂಚಿದ್ದರಂತೆ. ತಾನು ಹೆಣ್ಣು ಎಂಬುದು ಅವಳಿಗೆ ಚಿಕ್ಕಂದಿನಿಂದಲೇ ಗೊತ್ತಿತ್ತು, ಮನೆಯವರಿಗೆ ಗೊತ್ತಾಗಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು. ಆರು ವರ್ಷದ ಹಿಂದೆ ಅವಳು ಸೀರೆ ಉಟ್ಟು ಮನೆಗೆ ಬಂದ ದಿನ ಶಾಂತವ್ವ ಬೈಯಲಿಲ್ಲ, ಅಳಲಿಲ್ಲ. ಬಾಗಿಲು ಹಾಕಿಕೊಂಡರು, ಅಷ್ಟೆ. ಯಜಮಾನರು ಬಸವಲಿಂಗಪ್ಪನವರು ಆವತ್ತು ಪೇಪರ್ ಹಿಂದೆ ಇಟ್ಟ ಮುಖವನ್ನು ಇನ್ನೂ ಹೊರಗೆ ತೆಗೆದಿರಲಿಲ್ಲ.

ಈಗ ವಚನಾ ಮದುವೆಯಾಗುತ್ತಿದ್ದಳು. ಹುಡುಗ ಗಿರಿರಾಜ್, ಲಿಫ್ಟ್ ರಿಪೇರಿ ಮಾಡುವವನು, ನಾಟಕದಲ್ಲೂ ಅವಳ ಜೋಡಿ. ಮುಂದಿನ ವಾರ ಕೆಂಗೇರಿಯಲ್ಲಿ ಮನೆ ಹೂಡುವವರಿದ್ದರು. ಆ ಸುದ್ದಿ ಶಾಂತವ್ವನವರ ಕಿವಿಗೂ ಬಿದ್ದಿತ್ತು. ನಾಟಕದ ಕೊನೆಯಲ್ಲಿ, ಗಂಡನ ಮನೆಗೆ ಹೊರಟ ಮಗಳ ಸೆರಗಿಗೆ ತಾಯಿ ಅಕ್ಕಿ, ಕಾಯಿ ಹಾಕಿ ಉಡಿ ತುಂಬುವ ಸೀನಿತ್ತು. ಅದನ್ನು ಯಾಕೆ ಬರೆದೆ ಎಂದು ನಾನು ಕೇಳಿದ್ದೆ.

"ನಿಜವಾಗ್ಲೂ ಯಾರೂ ತುಂಬಲ್ಲ ಅಣ್ಣ. ಅದಕ್ಕೇ ಬರ್ಕೊಂಡೆ" ಎಂದಿದ್ದಳು.

ರಿಹರ್ಸಲ್‌ನಲ್ಲಿ ಚೆಲ್ಲಿದ ಅಕ್ಕಿಯ ಮೇಲೆ ಕಾಲಿಟ್ಟು ಗಿರಿರಾಜ್ ಜಾರಿದ. ಎಷ್ಟು ದೂರ ಜಾರಿದನೆಂದರೆ ವಾಪಸ್ ಬರಲು ಆಟೊ ಹಿಡಿಯಬೇಕಾಯಿತು. ಅಂದಿನಿಂದ ನಾನೇ ಬುದ್ಧಿ ಓಡಿಸಿ, ಅಕ್ಕಿ ಬದಲು ಕಡ್ಲೆಪುರಿ, ಕಾಯಿ ಬದಲು ಪ್ಲಾಸ್ಟಿಕ್ ಕಾಯಿ ಎಂದು ಗೊತ್ತು ಮಾಡಿದೆ. ದೂರದಿಂದ ನೋಡುವವರಿಗೆ ಎರಡೂ ಒಂದೇ.

ಹಿತ್ತಾಳೆ ತಟ್ಟೆಯೊಂದು ಬೇಕಿತ್ತು. ಶಾಂತವ್ವನವರ ಹತ್ತಿರ ಮದುವೆಯಲ್ಲಿ ಕೊಟ್ಟದ್ದಿತ್ತು, ಅಂಚಿಗೆ ನವಿಲಿನ ಕೆತ್ತನೆಯದ್ದು. ಕೇಳಿದೆ. ಯಾವ ನಾಟಕಕ್ಕೆ ಎಂದರು. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವನಾದರೂ ಸುಳ್ಳಿನಲ್ಲಿ ಡಿಗ್ರಿ ಮಾಡಿದ್ದೇನೆ. ಶರಣರ ನಾಟಕ ಎಂದೆ.

"ಹಂಗಂದ್ರ ತಟ್ಟಿ ಒಂದ ಹೋಗೂದು ಬ್ಯಾಡ" ಎಂದರು ಶಾಂತವ್ವ. "ಅದರ ಸಂಗಾಟ ನಾನೂ ಬರ್ತೀನಿ."

ಬೆಂಗಳೂರಿಗೆ ಬಂದು ಮೂವತ್ತು ವರ್ಷವಾದರೂ ಅವರ ಮಾತು ಮಾತ್ರ ಹಾವೇರಿ ಬಿಟ್ಟು ಬಂದಿಲ್ಲ. ದಾರಿಯಲ್ಲಿ ಟೆಂಪೊ ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಹತ್ತು ವರ್ಷ ದಿನಾ ಕೆಡುತ್ತಿದ್ದ ಗಾಡಿ ಅವತ್ತು ಕುದುರೆಯ ಹಾಗೆ ಓಡಿತು. ಸಿಗ್ನಲ್‌ಗಳೆಲ್ಲ ಹಸಿರು.

ಶಾಂತವ್ವನವರನ್ನು ಎರಡನೇ ಸಾಲಿನಲ್ಲಿ ಕೂರಿಸಿ, ನಾನು ಪರದೆಯ ಪಕ್ಕದಲ್ಲಿ ನಿಂತೆ. ನಾಟಕ ಶುರುವಾಗಿ ವಚನಾ ಒಳಗೆ ಬಂದಳು. ಶಾಂತವ್ವ ಮಡಿಲಲ್ಲಿದ್ದ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಈಗ ಎದ್ದರು, ಈಗ ಹೊರಟರು ಎಂದುಕೊಂಡೆ. ಏಳಲಿಲ್ಲ. ತಟ್ಟೆ ಬಿಟ್ಟು ಹೋಗುವ ಹಾಗಿರಲಿಲ್ಲವಲ್ಲ. ವಚನಾ ಕೂಡ ತಾಯಿಯನ್ನು ಕಂಡಳು. ಒಂದು ಮಾತು ತಪ್ಪಿತು, ಮತ್ತೆ ಹಿಡಿದುಕೊಂಡಳು.

ಉಡಿ ತುಂಬುವ ಸೀನು ಬಂತು. ತಾಯಿಯ ಪಾತ್ರಕ್ಕೆ ಅನಘಾ ಎಂಬ ಇಪ್ಪತ್ತೆರಡರ ಹುಡುಗಿ, ತಲೆಗೆ ಪೌಡರ್ ಬಳಿದುಕೊಂಡು ಮುದುಕಿಯಾಗಿದ್ದಳು. ಪುರಿಯನ್ನು ಬೊಗಸೆಯಲ್ಲಿ ತೆಗೆದು ಸೆರಗಿಗೆ ಸುರಿದಳು. ಫ್ಯಾನ್ ಗಾಳಿಗೆ ಅರ್ಧ ಮುಂದಿನ ಸಾಲಿಗೆ ಹಾರಿತು. ಅಲ್ಲಿದ್ದವರೊಬ್ಬರು ನಾಲ್ಕು ಕಾಳು ಬಾಯಿಗೂ ಹಾಕಿಕೊಂಡರು.

"ಏ ಹುಡುಗಿ, ನಿಂದ್ರು." ಶಾಂತವ್ವ ಎದ್ದು ನಿಂತಿದ್ದರು. "ಮಂಡಕ್ಕಿಲೆ ಉಡಿ ತುಂಬತಾರೇನು?"

ಯಾರೋ ಇದೂ ನಾಟಕವೇ ಎಂದು ನಕ್ಕರು. ಶಾಂತವ್ವ ಸೀದಾ ವೇದಿಕೆ ಹತ್ತಿದರು. ಮಗಳ ಮುಖ ನೋಡಲಿಲ್ಲ. ಕಾಯಿ ಎತ್ತಿ ಬೆರಳಿನಿಂದ ತಟ್ಟಿದರು, ಅದು ಖಾಲಿ ಡಬ್ಬಿಯ ಹಾಗೆ ಸದ್ದು ಮಾಡಿತು. ಆಮೇಲೆ ನನ್ನ ಹೆಸರು ಹಿಡಿದು ಕೂಗಿ, ಅಕ್ಕಿ, ಕಾಯಿ, ಅರಿಶಿನದ ಬೇರು, ಅಡಿಕೆ, ಬೆಲ್ಲ, ಕುಂಕುಮ ತರಲು ಹೇಳಿದರು. ಎದುರಿನ ಅಂಗಡಿಗೆ ಓಡಿದೆ. ಎಷ್ಟು ಜೋರಾಗಿ ಓಡಿದೆನೆಂದರೆ ನನ್ನ ಚಪ್ಪಲಿ ಹಾಲ್ ತಲುಪುವಷ್ಟರಲ್ಲಿ ನಾನು ಬಂದು ಎರಡು ನಿಮಿಷವಾಗಿತ್ತು. ಅಷ್ಟು ಹೊತ್ತೂ ಒಬ್ಬರೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ.

ಎಲ್ಲವನ್ನೂ ನವಿಲಿನ ತಟ್ಟೆಗೆ ಜೋಡಿಸಿ, ಶಾಂತವ್ವ ತಲೆಯ ಮೇಲೆ ಸೆರಗು ಹೊದ್ದು, ಒಂದು ಮುಷ್ಟಿ ಅಕ್ಕಿ ಎತ್ತಿದರು. ಕೈ ಅಲ್ಲೇ ನಿಂತಿತು. ಉಡಿ ತುಂಬುವುದು ಹೆಣ್ಣುಮಗಳಿಗೆ. ಆ ಅಕ್ಕಿ ಒಮ್ಮೆ ಸೆರಗಿಗೆ ಬಿದ್ದರೆ ಹೊರಗೆ ತೆಗೆಯುವ ಹಾಗಿಲ್ಲ. ಅದು ಅವರಿಗೂ ಗೊತ್ತು, ಸೆರಗು ಹಿಡಿದು ನಿಂತವಳಿಗೂ ಗೊತ್ತು. ಮಾತು ಮರೆತರೇನೋ ಎಂದು ಪಾಪ ಅನಘಾ ಪಕ್ಕದಿಂದ "ಹೋಗಿ ಬಾ ಮಗಳೇ" ಎಂದು ನಾಟಕದ ಮಾತನ್ನು ಪಿಸುಗುಟ್ಟಿದಳು. ವಚನಾಳ ಸೆರಗಿನ ಒಂದು ತುದಿ ಕೈಯಿಂದ ಜಾರುತ್ತಿತ್ತು. ಶಾಂತವ್ವ ಅದನ್ನೇ ನೋಡುತ್ತಿದ್ದರು.

"ಸೆರಗು ಗಟ್ಟಿ ಹಿಡಿ" ಎಂದರು ಕೊನೆಗೆ. "ಹಿಂಗ ಹಿಡದ್ರ ಅಕ್ಕಿ ಸೋರತೈತಿ."

ಐದು ಮುಷ್ಟಿ ಹಾಕಿದರು. ಕಾಯಿ ಇಟ್ಟರು, ಹಣೆಗೆ ಕುಂಕುಮ ಹಚ್ಚಿದರು. ಆಗಲೇ ಮಗಳ ಮುಖ ನೋಡಿದ್ದು.

"ಐದು ಕಾಳು ತಿರುಗಿ ತಟ್ಟಿಗೆ ಹಾಕು. ಎಲ್ಲಾ ಒಯ್ದ್ರ ತವರ ಮನಿಗೆ ಏನು ಉಳೀತು?"

"ನನಗ್ಯಾವ ತವರು ಅವ್ವಾ?"

"ಯಾಕ, ಮನಿ ದಾರಿ ಮರತಿಯೇನು?"

ವಚನಾ ಐದು ಕಾಳು ಎಣಿಸಲು ಹೋದಳು, ಕಣ್ಣು ತುಂಬಿ ಕಾಣಲಿಲ್ಲ, ಒಂದು ಹಿಡಿಯನ್ನೇ ಹಾಕಿಬಿಟ್ಟಳು. ಅರ್ಧ ಕೆಳಗೆ ಚೆಲ್ಲಿತು. ಅಷ್ಟರಲ್ಲಿ ತನ್ನ ಸರದಿ ಬಂತೆಂದು ಗಿರಿರಾಜ್ ಒಳಗೆ ಬಂದ. ನಿಜವಾದ ಅಕ್ಕಿಯ ಮೇಲೆ ಕಾಲಿಟ್ಟ. ಜಾರಿಕೊಂಡು ಬಂದವನು ಅತ್ತೆಯ ಪಾದದ ಹತ್ತಿರ ಬೋರಲಾಗಿ ಬಿದ್ದ.

"ಸಾಕು ಏಳಪ್ಪಾ" ಎಂದರು ಶಾಂತವ್ವ. "ಇಷ್ಟು ಉದ್ದ ನಮಸ್ಕಾರ ಯಾರೂ ಮಾಡಂಗಿಲ್ಲ."

ಚಪ್ಪಾಳೆಗೆ ಹಾಲ್‌ನ ಚಾವಣಿ ಶೀಟು ಒಂದು ಅಡಿ ಮೇಲೆದ್ದು ಕೂತಿತು. ಬೇಕಾದರೆ ಹೋಗಿ ನೋಡಿ, ಇನ್ನೂ ಸ್ವಲ್ಪ ಓರೆಯಾಗಿದೆ.

ಸಂಜೆ ಟೆಂಪೊದಲ್ಲಿ ಶಾಂತವ್ವನವರನ್ನು ಮನೆಗೆ ಕರೆತಂದೆ. ಬಸವಲಿಂಗಪ್ಪನವರು ಪೇಪರ್ ಹಿಂದಿನಿಂದಲೇ ತಟ್ಟೆ ಎಲ್ಲಿ ಎಂದು ಕೇಳಿದರು.

"ಮಗಳ ಮನಿಗೆ ಹೋತು" ಎಂದು ಹೇಳಿ ಶಾಂತವ್ವ ಒಳಗೆ ನಡೆದರು.

ಪೇಪರ್ ಮೆಲ್ಲಗೆ ಒಂದು ಗೇಣು ಕೆಳಗಿಳಿಯಿತು. ಆರು ವರ್ಷದಲ್ಲಿ ಮೊದಲ ಸಲ ನಾನು ಅವರ ಮೂಗು ಕಂಡೆ.