ಖಾಲಿ ಮರಳಲ್ಲಿ ಇಣುಕುವವರು

ಬಂದರು ಕಚೇರಿಯ ಸಭಾಂಗಣದ ಗೋಡೆಯ ಮೇಲೆ ಮರಳಿನ ಫೋಟೋ ಬಿತ್ತು. ಅದರ ಹಿಂದೆ ಇನ್ನೊಂದು ಮರಳಿನ ಫೋಟೋ. ಆಮೇಲೆ ಮತ್ತೊಂದು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದ ಜನ ಆಕಳಿಸತೊಡಗಿದರು.

"ಇದು ಕೊಲ್ಲಿಯ ತಳ," ಎಂದರು ಮುಳುಗು ಮೇಷ್ಟ್ರು. "ಹುಲ್ಲಿಲ್ಲ, ಹವಳ ಇಲ್ಲ, ಮೀನೂ ಇಲ್ಲ. ನಾನೇ ಇಳಿದು ಉದ್ದಗಲ ನೋಡಿದೀನಿ. ಪೂರ್ತಿ ಖಾಲಿ."

ಬಂದರು ಅಧಿಕಾರಿಗೆ ಬೇಕಾಗಿದ್ದುದು ಆ ಒಂದು ಪದ. ದೊಡ್ಡ ಹಡಗುಗಳು ಒಳಗೆ ಬರಬೇಕೆಂದರೆ ಬಂದರಿನ ಬಾಯಲ್ಲಿರುವ ಹೂಳು ಎತ್ತಬೇಕು. ಎತ್ತಿದ ಹೂಳನ್ನು ಎಲ್ಲಾದರೂ ಸುರಿಯಬೇಕು. ದೂರದ ಆಳಕ್ಕೆ ಹೊತ್ತೊಯ್ಯುವ ಬದಲು ಪಕ್ಕದ ಕೊಲ್ಲಿಗೆ ಸುರಿದರೆ ಕೆಲಸ ಬೇಗ ಮುಗಿಯುತ್ತದೆ. ಖಾಲಿ ಜಾಗಕ್ಕೆ ಏನು ಸುರಿದರೆ ಯಾರಿಗೇನು ನಷ್ಟ?

ನಾನು ಎದ್ದು ನಿಂತೆ. ಎದ್ದು ನಿಲ್ಲುವುದು ನನ್ನ ಹುಟ್ಟುಗುಣ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಂಡನ ಮನೆಯವರು ಮದುವೆಯ ವಾರದಲ್ಲೇ ಕಂಡುಹಿಡಿದಿದ್ದರು.

"ಖಾಲಿ ಅಲ್ಲ ಮೇಷ್ಟ್ರೇ. ಅಲ್ಲಿ ಹಾವುಮೀನುಗಳಿವೆ. ಬಾಲ ಮರಳಲ್ಲಿ ಹೂತು, ತಲೆ ಮಾತ್ರ ಮೇಲೆತ್ತಿ ನಿಂತಿರ್ತವೆ. ದೂರದಿಂದ ನೋಡಿದ್ರೆ ಮರಳಿಗೆ ಕೂದಲು ಬಂದ ಹಾಗೆ ಕಾಣುತ್ತೆ. ಹತ್ತಿರ ಹೋದ್ರೆ ಮಾಯ."

"ಹತ್ತಿರ ಹೋದ್ರೆ ಮಾಯ ಆಗೋದಕ್ಕೆ ಭ್ರಮೆ ಅಂತಾರೆ," ಎಂದರು ಅಧಿಕಾರಿ. ಸಭೆ ನಕ್ಕಿತು. "ಸೋಮವಾರ ಹೂಳು ತುಂಬಿದ ಬಾರ್ಜು ಹೊರಡುತ್ತೆ. ಅಷ್ಟರೊಳಗೆ ಫೋಟೋ ತನ್ನಿ, ನೋಡೋಣ. ನೀವು ಫೋಟೋದವರೇ ಅಲ್ವಾ?"

ನಾನು ಫೋಟೋದವಳೇ. ಬಂದರು ಕಟ್ಟಡದ ಕೆಳಗಿನ ಮಳಿಗೆಯಲ್ಲಿ ಸ್ಟುಡಿಯೋ ಇದೆ. ಪಾಸ್‌ಪೋರ್ಟಿಗೆ, ಮದುವೆಯ ಸಂಬಂಧಕ್ಕೆ, ತೀರಿಹೋದವರ ಚೌಕಟ್ಟಿಗೆ ಮುಖಗಳನ್ನು ತೆಗೆದುಕೊಡುತ್ತೇನೆ. ಈ ಅಧಿಕಾರಿಯ ಮುಖವನ್ನೂ ತೆಗೆದಿದ್ದೇನೆ, ಕಣ್ಣು ಮಿಟುಕಿಸದೆ ಕೂರುವುದು ಅವರಿಗೆ ಬರುವುದಿಲ್ಲ. ಬಿಡುವು ಸಿಕ್ಕಾಗಲೆಲ್ಲ ಕ್ಯಾಮೆರಾ ಹಿಡಿದು ಕಡಲಿಗೆ ಇಳಿಯುತ್ತೇನೆ. ಗಂಡ ಹಡಗಿನಲ್ಲಿ ಅಡುಗೆಯವರು. ಅವರು ನೀರಿನ ಮೇಲೆ, ನಾನು ನೀರಿನ ಕೆಳಗೆ, ಹಾಗಾಗಿ ನಮ್ಮ ಸಂಸಾರದಲ್ಲಿ ಜಗಳಕ್ಕೆ ಪುರುಸೊತ್ತಿಲ್ಲ. ದೋಣಿ ನಡೆಸುವವಳು ಅವರ ತಂಗಿ, ನನ್ನ ನಾದಿನಿ. ಜಗಳದ ಬಾಕಿಯನ್ನೆಲ್ಲ ಅವಳು ತೀರಿಸುತ್ತಾಳೆ.

ನನಗೆ ಮುಳುಗುವುದನ್ನು ಕಲಿಸಿದವರು ಇದೇ ಮೇಷ್ಟ್ರು. ಈ ದಡದಲ್ಲಿ ಬೆನ್ನಿಗೆ ಸಿಲಿಂಡರ್ ಕಟ್ಟಿ ನೀರಿಗೆ ಹಾರುವವರೆಲ್ಲ ಅವರ ಶಿಷ್ಯರೇ. ಸುಳ್ಳು ಹೇಳುವ ಮನುಷ್ಯ ಅಲ್ಲ. ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ಕಳ್ಳನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಪ್ರಾಮಾಣಿಕ ಮನುಷ್ಯ ತಪ್ಪು ಹೇಳಿದರೆ ಊರೆಲ್ಲ ನಂಬುತ್ತದೆ.

ಮರುದಿನ ಬೆಳಿಗ್ಗೆ ದೋಣಿಯಲ್ಲಿ ಕೂತು ಕ್ಯಾಮೆರಾವನ್ನು ನೀರು ಹೊಗದ ಡಬ್ಬಿಗೆ ಸೇರಿಸುತ್ತಿದ್ದೆ. ಡಬ್ಬಿಯ ಬಾಯಿಗೆ ಬಳೆಯಂಥ ಒಂದು ರಬ್ಬರ್ ಇರುತ್ತದೆ. ಅದರ ಮೇಲೆ ಒಂದು ಕೂದಲೆಳೆ ಬಿದ್ದಿದ್ದರೂ ನೀರು ನುಗ್ಗಿ ಕ್ಯಾಮೆರಾದ ಕಥೆ ಮುಗಿಯುತ್ತದೆ. ಬೆಳಕಿಗೆ ಹಿಡಿದು, ತಿರುಗಿಸಿ, ಜಿಡ್ಡು ಸವರಿ ಕೂರಿಸಿದೆ.

"ಅತ್ತಿಗೆ, ನಮ್ಮಣ್ಣನ ಅಂಗಿ ಗುಂಡೀನ ಯಾವತ್ತಾದ್ರೂ ಇಷ್ಟು ನಿಗಾ ಇಟ್ಟು ನೋಡಿದೀಯಾ?" ಎಂದಳು ನಾದಿನಿ.

"ನಿಮ್ಮಣ್ಣನ ಅಂಗಿಯೊಳಗೆ ನೀರು ಹೋದ್ರೆ ಒಣಗುತ್ತೆ ಕಣೇ."

ಇಳಿದೆ. ಏಳೆಂಟು ಆಳು ನೀರು. ಹಸಿರು ಬೆಳಕಿನಲ್ಲಿ ದೂರದ ಮರಳಿನ ಮೇಲೆ ಮಸುಕಾಗಿ ಹುಲ್ಲಿನಂಥದ್ದು ಓಲಾಡುತ್ತಿತ್ತು. ಈಜಿ ಹತ್ತಿರವಾದೆ. ಬಾಯಿಯ ಕೊಳವೆಯಿಂದ ಗುಳ್ಳೆಗಳು ಗಳಗಳ ಎಂದು ಎದ್ದವು. ಹುಲ್ಲು ಗಿಡ್ಡವಾಯಿತು, ಇನ್ನೂ ಗಿಡ್ಡವಾಯಿತು, ಇಲ್ಲವಾಯಿತು. ನನ್ನ ಮುಂದೆ ಉಳಿದದ್ದು ಮೇಷ್ಟ್ರ ಫೋಟೋದಲ್ಲಿದ್ದ ಅದೇ ಮರಳು.

ನೆಲದ ಮೇಲಿನವರಿಗೆ ಇದು ಗೊತ್ತಿರಲಾರದು, ನೀರಿನೊಳಗೆ ನಮ್ಮ ಉಸಿರಿನದು ಭಾರಿ ಸದ್ದು. ಮೀನಿನ ಕಿವಿಗೆ ನಾವು ತಮಟೆ ಬಡಿಯುತ್ತಾ ಬರುವವರು. ಆದರೆ ಉಸಿರಾಡದೆ ಇರುವಂತಿಲ್ಲ. ಮೇಷ್ಟ್ರು ಮೊದಲ ದಿನ ಕಲಿಸುವ ಮೊದಲ ಪಾಠವೇ ಅದು: "ನೀರೊಳಗೆ ಉಸಿರು ಕಟ್ಟಬೇಡಿ. ಎಳೀರಿ, ಬಿಡಿ, ಎಳೀರಿ, ಬಿಡಿ." ಎದೆ ತುಂಬ ಗಾಳಿ ಹಿಡಿದು ಮೇಲಕ್ಕೆ ಬಂದರೆ ಆ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯುತ್ತದೆ, ಅದಕ್ಕೆ. ಈ ಪಾಠ ಎಷ್ಟೋ ಜೀವ ಉಳಿಸಿದೆ. ಆ ಪಾಠವನ್ನು ಚಾಚೂ ತಪ್ಪದೆ ಪಾಲಿಸುತ್ತಾ ಮೇಷ್ಟ್ರು ಕೊಲ್ಲಿಯ ಉದ್ದಗಲ ಗುಳ್ಳೆ ಬಿಟ್ಟುಕೊಂಡು ಹೋಗಿದ್ದರು. ಅವರು ಹೋದಲ್ಲೆಲ್ಲ ಜೀವಗಳು ತಲೆ ಒಳಗೆಳೆದುಕೊಂಡವು.

ನಾನು ಟ್ರೈಪಾಡಿನ ಕಾಲುಗಳಿಗೆ ಸೀಸದ ತುಂಡು ಕಟ್ಟಿ ಮರಳಲ್ಲಿ ನಿಲ್ಲಿಸಿದೆ. ಕ್ಯಾಮೆರಾ ತನ್ನಷ್ಟಕ್ಕೆ ಆಗಾಗ ಫೋಟೋ ತೆಗೆಯುವಂತೆ ಹೊಂದಿಸಿ ಮೇಲೆ ಬಂದು ದೋಣಿಯಲ್ಲಿ ಬಿದ್ದುಕೊಂಡೆ. ಫೋಟೋ ತೆಗೆಯಬೇಕಾದವಳೇ ಅಲ್ಲಿ ಇರಬಾರದು ಎಂದರೆ ನನಗೂ ಅವಮಾನವೇ. ಏನು ಮಾಡುವುದು, ಮನೆಯೊಡತಿ ಬೇಡ ಎಂದರೆ ನೆಂಟರು ಹೊರಡಲೇಬೇಕು.

ಸಂಜೆ ಸ್ಟುಡಿಯೋದ ಪರದೆಯಲ್ಲಿ ಚಿತ್ರಗಳನ್ನು ತೆರೆದೆವು. ಮೊದಲು ಬರೀ ಮರಳು. ಆಮೇಲೆ ಒಂದು ತಲೆ, ಬಟಾಣಿಯಂಥ ಎರಡು ಕಣ್ಣು. ಆಮೇಲೆ ನೂರಾರು. ಪ್ರತಿಯೊಂದೂ ಪ್ರಶ್ನೆಯ ಚಿಹ್ನೆಯ ಹಾಗೆ ಬಾಗಿ, ಹರಿವು ಬರುವ ದಿಕ್ಕಿಗೆ ಮುಖ ಮಾಡಿ, ಕಣ್ಣಿಗೆ ಕಾಣದಂತೆ ತೇಲಿಬರುವ ಆಹಾರವನ್ನು ಹೆಕ್ಕುತ್ತಿದ್ದವು. ಅವುಗಳ ನಡುವೆ ಚಪ್ಪಟೆ ಮೀನು, ಮರಳಿನ ಬಣ್ಣದ ಏಡಿ, ರೆಕ್ಕೆ ಬೀಸುತ್ತ ಹೋದ ಒಂದು ತೊರಕೆ ಮೀನು. ನಾದಿನಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದಳು.

"ಅಯ್ಯೋ, ಇಣುಕಪ್ಪಗಳು!" ಎಂದಳು. ಹೆಸರು ನಿಂತಿತು.

ಫೋಟೋಗಳನ್ನು ಅಧಿಕಾರಿಯ ಮೇಜಿನ ಮೇಲೆ ಹರಡಿದೆ. ಮೇಷ್ಟ್ರೂ ಅಲ್ಲಿದ್ದರು. ಅಧಿಕಾರಿ ಒಂದನ್ನು ಎತ್ತಿ ತಿರುಗಿಸಿ ನೋಡಿದರು.

"ಈಗಿನ ಕಾಲದಲ್ಲಿ ಕಂಪ್ಯೂಟರ್ ಹತ್ರ ಕೇಳಿದ್ರೆ ಬಚ್ಚಲಲ್ಲಿ ತಿಮಿಂಗಿಲ ಇರೋ ಫೋಟೋ ಮಾಡಿಕೊಡುತ್ತೆ. ಇದನ್ನ ಹೇಗೆ ನಂಬೋದು?"

"ಹಾಗಾದ್ರೆ ಮೇಷ್ಟ್ರ ಖಾಲಿ ಮರಳನ್ನ ಹೇಗೆ ನಂಬಿದ್ರಿ?"

"ಅವರು ಕಣ್ಣಾರೆ ನೋಡಿದಾರೆ."

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ದೊಡ್ಡವರು. ಮೇಷ್ಟ್ರೇ, ನಿಮ್ಮ ಗುಳ್ಳೆಗೆ ಹೆದರಿ ಅವು ಒಳಗೆ ಹೋಗ್ತವೆ. ತಳದಲ್ಲಿ ಅಲ್ಲಾಡದೆ ಕೂತು, ಸ್ವಲ್ಪ ಹೊತ್ತು ಉಸಿರು ಕಟ್ಟಿ ನೋಡಿ. ಮೇಲಕ್ಕೆ ಏಳದಿದ್ರೆ ಅಪಾಯ ಇಲ್ಲ."

ಮೇಷ್ಟ್ರ ಮುಖ ಕೆಂಪಾಯಿತು. "ಉಸಿರು ಕಟ್ಟೋದಾ? ನನ್ನ ಶಿಷ್ಯೆ ಬಾಯಲ್ಲಿ ಈ ಮಾತಾ? ನಾಳೆ ಇದನ್ನ ಕೇಳಿ ಯಾವನೋ ಕಟ್ಟಿಕೊಂಡೇ ಮೇಲೆ ಬಂದು ಸಾಯ್ತಾನೆ. ಗುರುವಿಗೇ ತಿರುಮಂತ್ರ ಹಾಕೋಕೆ ಬಂದಿದೀಯಾ?"

"ಇರ್ಲಿ ಬಿಡಿ," ಎಂದರು ಅಧಿಕಾರಿ. "ಇದ್ದರೂ ಇರಲಿ. ಈ ಹುಳಗಳಿಂದ ಜನಕ್ಕೇನು ಉಪಯೋಗ? ತಿನ್ನೋಕೂ ಬರಲ್ಲ."

ಅಲ್ಲಿಗೆ ನನ್ನ ತಾಳ್ಮೆ ಹೋಯಿತು. "ನೀವು ಈಗ ಎಳೆದ ಉಸಿರು ಎಲ್ಲಿಂದ ಬಂತು ಸಾರ್? ಭೂಮಿ ಮೇಲೆ ಹುಟ್ಟೋ ಪ್ರಾಣವಾಯುವಿನಲ್ಲಿ ಹೆಚ್ಚುಕಮ್ಮಿ ಅರ್ಧ ಕಡಲಲ್ಲಿ ತೇಲೋ ಸಣ್ಣ ಜೀವಗಳದ್ದು. ನಾವು ಹೊಗೆ ಬಿಟ್ಟು ಕಾಯಿಸಿದ ಬಿಸಿಯನ್ನೆಲ್ಲ ಕುಡಿದುಕೊಂಡು ಸುಮ್ಮನಿರೋದು ಕಡಲು. ಮಳೆಯ ನೀರು ಅದರದ್ದು. ನಿಮ್ಮ ತಟ್ಟೆಗೆ ಬರೋ ಮೀನು ಸಣ್ಣದಾಗಿದ್ದಾಗ ಇಂಥ ತಳದಲ್ಲೇ ಮೇಯುತ್ತೆ. ಇವು ನಿಮಗೆ ಉಪಯೋಗ ಇಲ್ಲ ಅಂತೀರಾ? ನಿಮ್ಮಿಂದ ಅವಕ್ಕೆ ಏನು ಉಪಯೋಗ, ಮೊದಲು ಅದನ್ನ ಹೇಳಿ!"

ಅಧಿಕಾರಿ ಫೋಟೋಗಳನ್ನು ಒಟ್ಟುಮಾಡಿ ನನ್ನ ಕಡೆಗೆ ತಳ್ಳಿದರು. "ನಿಮ್ಮ ಸ್ಟುಡಿಯೋ ನಮ್ಮ ಕಟ್ಟಡದಲ್ಲೇ ಇದೆ ಅಲ್ವಾ ಅಮ್ಮ?" ಎಂದರು, ಬಹಳ ಮೆತ್ತಗೆ.

"ಇದೆ. ಬೀಗದಕೈ ಬೇಕಾದ್ರೆ ಈಗಲೇ ತಗೊಳ್ಳಿ," ಎಂದು ಮೇಜಿನ ಮೇಲೆ ಕುಕ್ಕಿ ಬಂದೆ. ಹೆದರಿಕೆ ಆಗಿರಲಿಲ್ಲ ಎಂದು ಯಾಕೆ ಸುಳ್ಳು ಹೇಳಲಿ.

ನಡೆದದ್ದನ್ನು ಕೇಳಿ ನಾದಿನಿ ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ದೋಣಿಯ ಪೆಟ್ಟಿಗೆಯಿಂದ ಮುಳುಗು ಬಾವುಟ ತೆಗೆದು ಕೊಡವಿದಳು. ಕೆಳಗೆ ಮನುಷ್ಯರಿದ್ದಾರೆ ಎಂದು ಸುತ್ತಲ ದೋಣಿಗಳಿಗೆ ತಿಳಿಸುವ ಬಾವುಟ ಅದು. ಅದು ಹಾರುತ್ತಿರುವ ಕಡೆಗೆ ಯಾವ ಹಡಗೂ ಹತ್ತಿರ ಬರಬಾರದು, ಏನನ್ನೂ ಸುರಿಯಬಾರದು. ಬಂದರು ಕಚೇರಿಯದೇ ನಿಯಮ.

"ಅತ್ತಿಗೆ, ಇದು ಮೇಲಿರೋ ತನಕ ಅವರಪ್ಪ ಬಂದ್ರೂ ಒಂದು ಬುಟ್ಟಿ ಹೂಳು ಹಾಕೋಕಾಗಲ್ಲ. ನೀನು ಕೆಳಗಿರು, ನಾನು ಮೇಲಿರ್ತೀನಿ."

"ಗಾಳಿ ಮುಗಿದ ಮೇಲೆ?"

"ಇನ್ನೊಂದು ಸಿಲಿಂಡರ್ ಕಟ್ಟಿಕೊಂಡು ಇಳೀತೀಯ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು?"

ಸೋಮವಾರ ಬೆಳಿಗ್ಗೆ ಬಾವುಟ ಏರಿಸಿ ಇಳಿದೆ. ಮರಳಿನ ಮೇಲೆ ಮಂಡಿಯೂರಿ ಕೂತೆ. ಬಾರ್ಜಿನ ಯಂತ್ರದ ಸದ್ದು ಮೊದಲು ಕಿವಿಗೆ, ಆಮೇಲೆ ಎದೆಯ ಗೂಡಿಗೆ ಬಂತು. ಹತ್ತಿರವಾಗಿ, ಒಂದೇ ಕಡೆ ನಿಂತು ಗುಡುಗುಡು ಎನ್ನತೊಡಗಿತು. ಸುತ್ತ ಒಂದು ಜೀವವೂ ಇರಲಿಲ್ಲ. ಯಾರಿಗಾಗಿ ಬಂದು ಕೂತಿದ್ದೆನೋ ಅವೆಲ್ಲ ನನಗೇ ಹೆದರಿ ಒಳಗೆ ಸೇರಿದ್ದವು. ನನಗೆ ನಗು ಬಂತು, ಜೊತೆಗೇ ಅಳುವೂ ಬಂತು. ಹೆದರಿಕೊಳ್ಳಿ, ಪರವಾಗಿಲ್ಲ, ಆದರೆ ಬದುಕಿಕೊಳ್ಳಿ ಎಂದುಕೊಂಡೆ.

ಮೇಲೆ ನಡೆದದ್ದನ್ನು ಆಮೇಲೆ ನಾದಿನಿ ಹೇಳಿದಳು. ಬಾರ್ಜಿನವರು ಕೂಗಿದರಂತೆ, ಬಾವುಟ ಇಳಿಸು ಎಂದು. "ಕೆಳಗೆ ನಮ್ಮತ್ತಿಗೆ ಇದಾಳೆ, ಅವಳು ಬಾರದೆ ಇಳಿಸೋಕಾಗಲ್ಲ," ಎಂದಳಂತೆ. ಯಾವಾಗ ಬರ್ತಾಳೆ? "ಅವಳ ಗಂಡನಿಗೇ ಗೊತ್ತಾಗಲ್ಲ, ನನಗೇನು ಗೊತ್ತು?" ಸುರಿಯುವ ಜಾಗ ತೋರಿಸಲು ಬಾರ್ಜಿನ ಮೇಲಿದ್ದ ಮೇಷ್ಟ್ರು ಕೊನೆಗೆ ಸಿಲಿಂಡರ್ ಕಟ್ಟಿಕೊಂಡು ತಾವೇ ನೀರಿಗೆ ಬಿದ್ದರು, ನನ್ನನ್ನು ಎಬ್ಬಿಸಿ ತರಲು.

ಗುಳ್ಳೆಗಳ ಮಾಲೆ ಬಿಡುತ್ತಾ ಅವರು ಇಳಿದು ಬಂದು ನನ್ನ ಎದುರು ನಿಂತರು. ಹೆಬ್ಬೆರಳು ಮೇಲೆತ್ತಿದರು, ಮೇಲಕ್ಕೆ ನಡಿ ಎಂದು. ನಾನು ಇಲ್ಲ ಎಂದು ತಲೆಯಾಡಿಸಿದೆ. ತೋಳು ಹಿಡಿದು ಎಳೆದರು. ನಾನು ಅವರ ಕೈಯನ್ನೇ ಹಿಡಿದು ಕೆಳಕ್ಕೆ ಜಗ್ಗಿ ಪಕ್ಕದಲ್ಲಿ ಕೂರಿಸಿದೆ. ಸೊಂಟಕ್ಕೆ ತಗುಲಿಸಿದ್ದ, ನೀರೊಳಗೆ ಬರೆಯುವ ಹಲಗೆಯ ಮೇಲೆ ಸೀಸದ ಕಡ್ಡಿಯಿಂದ ಬರೆದೆ: "ಒಂದು ಸಲ. ಉಸಿರು ಕಟ್ಟಿ. ಆಮೇಲೆ ಬರ್ತೀನಿ."

ಅವರು ಓದಿದರು. ಮುಖಗವಚದ ಗಾಜಿನ ಹಿಂದೆ ಅವರ ಕಣ್ಣುಗಳಲ್ಲಿ ಸಿಟ್ಟಿತ್ತು. ಜೀವನವಿಡೀ ಬೇಡ ಬೇಡ ಎಂದು ಕಲಿಸಿದ್ದನ್ನು ಮಾಡು ಎಂದರೆ ಯಾರಿಗೆ ತಾನೇ ಬರುವುದಿಲ್ಲ? ನಾನು ಕೈ ಬಿಡಲಿಲ್ಲ. ನನ್ನ ಗುಳ್ಳೆ ನಿಲ್ಲಿಸಿದೆ. ಅವರದೊಂದು ಕೊನೆಯ ಗುಳ್ಳೆ ಎದ್ದು ಹೋಯಿತು. ಆಮೇಲೆ ಅವರದೂ ನಿಂತಿತು.

ನಮ್ಮ ಮೊಣಕಾಲಿನ ಮುಂದೆಯೇ ಮರಳು ಸ್ವಲ್ಪ ಉಬ್ಬಿತು. ಒಂದು ತಲೆ ಬಂತು. ನಮ್ಮನ್ನು ನೋಡಿತು. ಅದರ ಹಿಂದೆ ಇನ್ನೊಂದು, ಎಡಕ್ಕೆ ನಾಲ್ಕು, ಆಚೆ ಒಂದು ಗುಂಪು, ಆಮೇಲೆ ಕಣ್ಣು ಹಾಯುವವರೆಗೂ. ಬಾರ್ಜು ಗುಡುಗುತ್ತಲೇ ಇತ್ತು. ಅವು ಅದರ ನೆರಳಿನ ಅಂಚಿನವರೆಗೂ ಎದ್ದು ನಿಂತವು.

ಎದೆ ತಡೆಯದೆ ಮೇಷ್ಟ್ರು ಉಸಿರು ಬಿಟ್ಟರು. ಗಳಗಳ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲ ಖಾಲಿ.

ಅವರು ನನ್ನ ಕಡೆ ನೋಡಲಿಲ್ಲ. ತಾವಾಗಿಯೇ ಮತ್ತೆ ಉಸಿರು ಕಟ್ಟಿದರು. ಅವು ಮತ್ತೆ ಬಂದವು. ಮೂರನೆಯ ಸಲ ನಾನು ಅವರ ಕೈ ಹಿಡಿದಿರಲಿಲ್ಲ.

ನಿಧಾನವಾಗಿ, ಪಾಠದಲ್ಲಿ ಹೇಳಿದಂತೆ ಉಸಿರಾಡುತ್ತಾ, ಇಬ್ಬರೂ ಮೇಲೆ ಬಂದೆವು. ಮೇಷ್ಟ್ರು ಬಾರ್ಜಿಗೆ ಹೋಗಲಿಲ್ಲ, ನಮ್ಮ ದೋಣಿ ಹತ್ತಿದರು. ನಾದಿನಿಯ ಕೈಯಿಂದ ರೇಡಿಯೋ ತೆಗೆದುಕೊಂಡು ಬಂದರು ಕಚೇರಿಯನ್ನು ಕರೆದರು.

"ನನ್ನ ವರದಿ ತಪ್ಪು. ವಾಪಸ್ ತಗೋತಿದೀನಿ. ಈ ಕೊಲ್ಲಿಗೆ ಹೂಳು ಹಾಕೋ ಹಾಗಿಲ್ಲ."

ರೇಡಿಯೋ ಕರಕರ ಎಂದಿತು. "ಮೇಷ್ಟ್ರೇ, ಹೋದ ಸಲ ನೀವೇ ಕಣ್ಣಾರೆ ನೋಡಿ ಖಾಲಿ ಅಂದ್ರಲ್ಲ?"

"ಖಾಲಿ ಇತ್ತು ಸಾರ್," ಎಂದರು ಮೇಷ್ಟ್ರು. "ನಾನು ಹೋಗಿದ್ದಕ್ಕೆ ಖಾಲಿ ಆಗಿತ್ತು."

"ಹಾಗಾದ್ರೆ ಬೇರೆ ಸರ್ವೆಯವರನ್ನ ಕರೆಸ್ತೀನಿ. ಮಧ್ಯಾಹ್ನ ಬಾರ್ಜು ಮತ್ತೆ ಬರುತ್ತೆ," ಎಂದಿತು ರೇಡಿಯೋ.

ಬಾರ್ಜು ಹೊತ್ತ ಹೂಳಿನ ಸಮೇತ ತಿರುಗಿ ನಿಧಾನವಾಗಿ ಹೊರಟಿತು. ನಾದಿನಿ ಅದಕ್ಕೆ ಕೇಳುವಂತೆ ಏನೋ ಅಂದಳು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ. ನಾವಿಬ್ಬರೂ ಮೇಲೆ ಬಂದದ್ದರಿಂದ ರೂಢಿಯಂತೆ ಅವಳ ಕೈ ಬಾವುಟದ ಹಗ್ಗಕ್ಕೆ ಹೋಯಿತು.

"ಅದನ್ನ ಮುಟ್ಟಬೇಡಮ್ಮ," ಎಂದರು ಮೇಷ್ಟ್ರು. ದೋಣಿಯ ತಳದಲ್ಲಿದ್ದ ತುಂಬಿದ ಸಿಲಿಂಡರನ್ನು ತಮ್ಮ ಕಡೆಗೆ ಎಳೆದುಕೊಂಡು ಪಟ್ಟಿ ಬಿಗಿಯತೊಡಗಿದರು. "ಈ ಪಾಳಿ ನಂದು."