ಹೇಮಾವತಿಯ ಹೆಸರಿನಲ್ಲೇ ಖಾತೆ

ಬುಕ್ಕಾಂಬುಧಿಯ ಚಿಕ್ಕಬೀರಪ್ಪನವರ ಮಗಳು ಹೇಮಾವತಿ ಮಸ್ಕತ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರಿದಳು. ನಮ್ಮ ಕೆರೆ ಏರಿಯ ಮೇಲೆ ಆಡಿ ಬೆಳೆದ ಹುಡುಗಿ ಅಷ್ಟು ದೂರ ಹೋದದ್ದು ಊರಿಗೆಲ್ಲ ಹೆಮ್ಮೆ. ಆದರೆ ಮೊದಲ ತಿಂಗಳೇ ತೊಡಕು ಬಂತು. ಇಪ್ಪತ್ತೈದನೇ ತಾರೀಖಿನೊಳಗೆ ಅಲ್ಲಿಯ ಬ್ಯಾಂಕಿನ ಖಾತೆ ಸಂಖ್ಯೆ ಕೊಡದಿದ್ದರೆ ಸಂಬಳ ನಿಲ್ಲುತ್ತದೆ ಎಂದರು ಆಸ್ಪತ್ರೆಯವರು. ಅವಳ ಅರ್ಜಿಯನ್ನೋ ಬ್ಯಾಂಕು ವಾಪಸ್ ಕಳಿಸಿತ್ತು.

ಚಿಕ್ಕಬೀರಪ್ಪನವರು ಗಾಬರಿಯಾದರು. ಅಲ್ಲೇ ಅಡುಗೆ ಕೆಲಸಕ್ಕಿರುವ ನಮ್ಮೂರಿನ ಲಕ್ಕಣ್ಣನ ಖಾತೆಗೆ ಸಂಬಳ ಹಾಕಿಸಲಿ ಎಂದು ಹಟ ಹಿಡಿದರು. "ಹೊರಗಿನೋರ್ಗೆ ಅಲ್ಲಿ ಖಾತೆ ಯಾರು ಕೊಡ್ತಾರೆ? ಲಕ್ಕಣ್ಣ ನಮ್ಮೋನೇ ಕಣೇ."

ಹೆಂಡತಿ ದುರ್ಗಮ್ಮ ಒಪ್ಪಲಿಲ್ಲ. ಮಹಿಳಾ ಸಂಘದ ಪಾಸ್‌ಬುಕ್ಕಿಗೆ ಹೆಬ್ಬೆಟ್ಟು ಒತ್ತಲಾರೆ ಎಂದು ಮೂರು ವಾರ ಸ್ಲೇಟು ಹಿಡಿದು ಸಹಿ ಕಲಿತವರು ಅವರು. "ಲಕ್ಕಣ್ಣ ಒಳ್ಳೇನೇ. ಆದ್ರೆ ದುಡಿಯೋಳು ಇವ್ಳು, ಹೆಸ್ರು ಅವಂದಾ?" ಎಂದರು.

ಆರು ವರ್ಷ ಮಸ್ಕತ್‌ನಲ್ಲಿ ನರ್ಸ್ ಆಗಿದ್ದು ಈಗ ತರೀಕೆರೆಯಲ್ಲಿರುವ ಕೋಮಲಾಳನ್ನು ದುರ್ಗಮ್ಮ ಅಂದೇ ಮನೆಗೆ ಕರೆಸಿದರು. ಹೇಮಾವತಿ ವಿಡಿಯೋ ಕರೆಯಲ್ಲಿ ತೋರಿಸಿದ ಅರ್ಜಿ ನೋಡಿ ಕೋಮಲಾ ನಕ್ಕಳು. ಪಾಸ್‌ಪೋರ್ಟಿನಲ್ಲಿದ್ದದ್ದು ಹೇಮಾವತಿ ಎಂಬ ಒಂದೇ ಹೆಸರು. ಮನೆತನದ ಹೆಸರು ಕೇಳಿದ ಜಾಗದಲ್ಲಿ ಹುಡುಗಿ ಬುಕ್ಕಾಂಬುಧಿ ಎಂದು ತುಂಬಿದ್ದಳು; ಎರಡೂ ತಾಳೆಯಾಗದೆ ಅರ್ಜಿ ವಾಪಸಾಗಿತ್ತು. ಯಾರಮ್ಮಾ ನೀನು ಎಂದರೆ ನಮ್ಮ ಕಡೆ ಮೊದಲು ಊರಿನ ಹೆಸರನ್ನೇ ಅಲ್ಲವೇ ಹೇಳುವುದು.

"ನಾನೂ ಹಂಗೇ ಮಾಡಿದ್ದೆ ಕಣೇ," ಎಂದಳು ಕೋಮಲಾ. "ಪಾಸ್‌ಪೋರ್ಟಲ್ಲಿ ಹೆಂಗೈತೋ ಹಂಗೇ ಬರಿ. ಆ ಖಾಲಿ ಜಾಗಕ್ಕೆ ಏನು ಬರೀಬೇಕು ಅಂತ ಬ್ಯಾಂಕ್‌ನೋರನ್ನೇ ಕೇಳು, ನಾಚ್ಕೋಬೇಡ."

ಪಾಸ್‌ಪೋರ್ಟಿನ ಜೊತೆಗೆ ಅಲ್ಲಿಯ ನಿವಾಸಿ ಕಾರ್ಡು, ಸಂಬಳದ ಬಗ್ಗೆ ಆಸ್ಪತ್ರೆ ಕೊಡುವ ಪತ್ರ, ವಿಳಾಸದ ದಾಖಲೆ ಒಯ್ಯಲು ಹೇಳಿದಳು. ಪಿನ್, ಒಟಿಪಿ ಲಕ್ಕಣ್ಣನಿಗಷ್ಟೇ ಅಲ್ಲ, ಅಪ್ಪನಿಗೂ ಹೇಳಬಾರದು ಎಂದಾಗ ಚಿಕ್ಕಬೀರಪ್ಪನವರ ಮುಖ ಸ್ವಲ್ಪ ಗಂಟಿಕ್ಕಿತು.

ಹೇಮಾವತಿ ಮರುದಿನವೇ ಬ್ಯಾಂಕಿಗೆ ಹೋಗಿ ಕೇಳಿ ಹೊಸ ಅರ್ಜಿ ತುಂಬಿದಳು. ಇಪ್ಪತ್ತನಾಲ್ಕಕ್ಕೆ ಖಾತೆ ಸಂಖ್ಯೆ ಆಸ್ಪತ್ರೆಯವರ ಕೈ ಸೇರಿತು. ಮುಂದಿನ ವಾರ ಬಂದ ಬ್ಯಾಂಕಿನ ಎಟಿಎಂ ಕಾರ್ಡನ್ನು ಫೋನಿನಲ್ಲಿ ತೋರಿಸುವಾಗ ಅಂಕಿಗಳನ್ನು ಬೆರಳಿನಿಂದ ಮುಚ್ಚಿಕೊಂಡಿದ್ದಳು. ಹೆಸರು ಮಾತ್ರ ಕಾಣುತ್ತಿತ್ತು.

ಚಿಕ್ಕಬೀರಪ್ಪನವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಊರ್ ಹೆಸ್ರಿಲ್ಲ, ನನ್ ಹೆಸ್ರೂ ಇಲ್ಲ," ಎಂದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ನನ್ ಮಗಳ ಹೆಸ್ರೊಂದೇ ಐತೆ. ಸಾಕು ಕಣೇ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯವರೂ ಪರದೇಶಕ್ಕೆ ದುಡಿಯಲು ಹೊರಟಿದ್ದಾರೆಯೇ? ಹೊರಡುವ ಮುನ್ನ ಆ ವಿಷಯವನ್ನು ಇಲ್ಲಿಯ ಬ್ಯಾಂಕಿಗೆ ತಿಳಿಸಿ, ಇಲ್ಲಿಯ ಖಾತೆಯನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕಾಗುತ್ತದೆ. ಅಲ್ಲಿ ಏನೇನು ಕಾಗದ ಬೇಕು ಎಂಬುದು ಒಂದೊಂದು ದೇಶಕ್ಕೆ ಒಂದೊಂದು ಥರ, ಮೊದಲೇ ವಿಚಾರಿಸಿ. ನೆಂಟರ ಖಾತೆಯಾಗಲಿ, ಏಜೆಂಟರ ಖಾತೆಯಾಗಲಿ ಬೇಡ. ಬೆವರು ಸುರಿಸಿದವರ ಹೆಸರೇ ಆ ಕಾರ್ಡಿನ ಮೇಲಿರಲಿ.